ಬಾನೆಟ್ ಆಮೇಲೆ, ಮೊದಲು ಗಾಡಿಯ ಅಡಿಗೆ ತೂರಿ

ಓದುಗರ ಪ್ರಶ್ನೆ – ನಮ್ಮ ವಾಹನ ತಜ್ಞರ ಉತ್ತರ

ಮಳೆ ಹಿಂದೆ ಸರಿಯುತ್ತಿದ್ದ ಹಾಗೆ ಸಹ್ಯಾದ್ರಿಯ ಕಚ್ಚಾ ದಾರಿಗಳು ತೆರೆದುಕೊಳ್ಳುತ್ತವೆ. ಪುಣೆ, ಮುಂಬಯಿ, ಗೋವಾ ಓದುಗರಿಂದ ಹಳೆಯ ಫೋರ್-ಬೈ-ಫೋರ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ) ಪಿಕಪ್ ಬಗ್ಗೆ ಪ್ರಶ್ನೆಗಳೂ ಆಗಲೇ ಹೆಚ್ಚು ಬರುತ್ತವೆ. ಈ ಸಂಚಿಕೆಯಲ್ಲಿ ಅವಕ್ಕೇ ಜಾಗ.

ಪ್ರಶ್ನೆ: 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ನೋಡಿಟ್ಟಿದ್ದೇನೆ. 1.1 ಲಕ್ಷ ಕಿಲೋಮೀಟರ್ ಓಡಿದೆ. ಎಂಜಿನ್ ಚೆನ್ನಾಗಿದೆ ಎಂದು ಪರಿಚಯದ ಮೆಕ್ಯಾನಿಕ್ ಹೇಳಿದ್ದಾರೆ. ಮುಳಶಿ, ತಾಮ್ಹಿಣಿ, ವೆಲ್ಹೆ ಕಡೆ ಓಡಿಸುವ ಆಸೆ. ಕ್ಲಚ್ಚಿನಿಂದ ಚಕ್ರದವರೆಗೆ ಏನೇನು, ಯಾವ ಕ್ರಮದಲ್ಲಿ ನೋಡಬೇಕು? – *ಭೋಸರಿ, ಪುಣೆ*

ಉತ್ತರ: ಎಂಜಿನ್ ನೋಡಿ ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಆಫ್-ರೋಡ್ ಗಾಡಿಯಲ್ಲಿ ಮಾಲೀಕನ ಜೇಬು ಬರಿದಾಗುವುದು ಮಾತ್ರ ಗೇರ್‌ಬಾಕ್ಸ್‌ನ ಹಿಂದೆ. ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ತಿರುವಿನಲ್ಲಿ ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಎರಡು ಡಿಫರೆನ್ಷಿಯಲ್, ಇವುಗಳ ನಡುವೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗಳು, ಮುಂದಿನ ಆಕ್ಸಲ್ ಜಾಯಿಂಟ್‌ಗಳು, ಇವನ್ನೆಲ್ಲ ಕಾಣಬೇಕಾದರೆ ನೆಲಕ್ಕೆ ಬೆನ್ನು ಹಚ್ಚಲೇಬೇಕು. ಒಂದು ಹಳೆಯ ಚಾಪೆ, ಟಾರ್ಚ್, ಬಿಳಿ ಬಟ್ಟೆ, ತೆಳು ಪೈಪ್ ಸಿಕ್ಕಿಸಿದ 20 ಮಿಲಿಲೀಟರಿನ ಸಿರಿಂಜ್, ಫಿಲ್ಲರ್ ಪ್ಲಗ್‌ಗೆ (ಎಣ್ಣೆ ತುಂಬುವ ತೂತಿನ ಬಿರಡೆ) ಹೊಂದುವ ಪಾನಾ ತೆಗೆದುಕೊಂಡು ಹೋಗಿ. ನಾನು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮುಂಚೆಯೇ ತಿಳಿಸಿ. ಗೇರ್‌ಬಾಕ್ಸ್ ತಣ್ಣಗಿದ್ದಾಗ ಮಾತ್ರ ಕೆಲವು ದೋಷಗಳು ಗೊತ್ತಾಗುತ್ತವೆ.

ಅಡಿಭಾಗ ಈಗಷ್ಟೇ ವಾಟರ್ ಸರ್ವಿಸ್ ಆಗಿ, ಮೇಲೆ ಕಪ್ಪು ಬಣ್ಣ ಬಳಿದುಕೊಂಡು ಮಿನುಗುತ್ತಿದ್ದರೆ ನಮಗಂತೂ ಖುಷಿಯಾಗುವುದಿಲ್ಲ. ಒಣ ಧೂಳು ಕೂತ ಗಾಡಿಯೇ ವಾಸಿ, ಸೋರಿಕೆ ಎಲ್ಲಿದೆ ಎಂಬುದನ್ನು ಧೂಳೇ ತೋರಿಸುತ್ತದೆ. ನೋಡಬೇಕಾದ ಜಾಗಗಳು: ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಕೂಡುವ ಜೋಡು, ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಹೊರಬರುವ ಎರಡು ತುದಿ, ಡಿಫರೆನ್ಷಿಯಲ್ ಮೂತಿಯ ಪಿನಿಯನ್ ಸೀಲ್ (ಶಾಫ್ಟ್ ಒಳಹೋಗುವ ಕಡೆ ಎಣ್ಣೆ ತಡೆಯುವ ಬಳೆ), ಹಿಂದಿನ ಎರಡು ಚಕ್ರಗಳ ಒಳಮೈ. ತೆಳುವಾದ ಜಿಡ್ಡು ಈ ವಯಸ್ಸಿಗೆ ಸಹಜ. ಹನಿ ತೂಗುತ್ತಿದ್ದರೆ ಅದು ಸೋರಿಕೆ. ಪಿನಿಯನ್ ಸೀಲ್‌ಗೆ ಹೆಚ್ಚು ಬೆಲೆಯಿಲ್ಲ, ಆದರೆ ಅದು ಯಾಕೆ ಹೋಯಿತು ಎಂದು ಕೇಳಿಕೊಳ್ಳಿ. ಅಲ್ಲಿ ಶಾಫ್ಟ್ ಕೂಡುವ ಫ್ಲೇಂಜನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅಲ್ಲಾಡಿದರೆ ಒಳಗಿನ ಬೇರಿಂಗ್ ಸವೆದಿದೆ, ಹೊಸ ಸೀಲ್ ಹಾಕಿದರೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಸೋರುತ್ತದೆ. ಹಿಂದಿನ ಚಕ್ರದ ಒಳಗೆ ಎಣ್ಣೆ ಇಳಿದಿದ್ದರೆ ಆಕ್ಸಲ್ ಸೀಲ್ ಹೋಗಿದೆ, ಎಣ್ಣೆ ಕುಡಿದ ಬ್ರೇಕ್ ಲೈನರ್ ಕೂಡ ಹೋದ ಹಾಗೆಯೇ. ತೊಳೆದು ಮತ್ತೆ ಹಾಕುವಂಥದ್ದಲ್ಲ ಅದು.

ಮಾರುವವರ ಒಪ್ಪಿಗೆ ಪಡೆದು, ಹಿಂದಿನ ಡಿಫರೆನ್ಷಿಯಲ್, ಮುಂದಿನದು, ಟ್ರಾನ್ಸ್‌ಫರ್ ಕೇಸ್, ಈ ಮೂರರ ಫಿಲ್ಲರ್ ಪ್ಲಗ್ ಬಿಚ್ಚಿಸಿ. ಯಾವಾಗಲೂ ಫಿಲ್ಲರ್ ಮೊದಲು, ಡ್ರೇನ್ ಆಮೇಲೆ. ಡ್ರೇನ್ ಬಿಚ್ಚಿ ಎಣ್ಣೆ ಇಳಿಸಿದ ಮೇಲೆ ಫಿಲ್ಲರ್ ಜಾಮ್ ಆಗಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ಕೂರುತ್ತದೆ, ಜಗಳ ಶುರುವಾಗುತ್ತದೆ. ಸಾಮಾನ್ಯವಾಗಿ ಎಣ್ಣೆ ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ ಇರಬೇಕು, ಬೆರಳು ಬಗ್ಗಿಸಿದರೆ ತಾಗಬೇಕು. ಸಿರಿಂಜಿನಲ್ಲಿ ಸ್ವಲ್ಪ ಎಳೆದು ಬಿಳಿ ಬಟ್ಟೆಯ ಮೇಲೆ ಬಿಡಿ. ಕಂದು, ಕಪ್ಪು ಬಂದರೆ ಹಳೆಯ ಎಣ್ಣೆ, ಅಷ್ಟೇ. ಹಾಲು ಬೆರೆಸಿದ ಚಹಾದಂತೆ ಬಂದರೆ ನೀರು ಸೇರಿದೆ. ಬಟ್ಟೆ ತಿರುಗಿಸಿದಾಗ ಮಿರಮಿರ ಎನ್ನುವ ಚೂರು ಕಂಡರೆ ಹಲ್ಲೋ ಬೇರಿಂಗೋ ಉದುರುತ್ತಿದೆ. ಡ್ರೇನ್ ಪ್ಲಗ್ಗಿಗೆ ಅಯಸ್ಕಾಂತ ಇದ್ದು, ಅದನ್ನೂ ಬಿಚ್ಚಲು ಬಿಟ್ಟರೆ ಇನ್ನೂ ಒಳ್ಳೆಯದು. ಬೂದು ಬಣ್ಣದ ನುಣುಪು ಪೇಸ್ಟ್ ಕೂತಿದ್ದರೆ ಚಿಂತೆಯಿಲ್ಲ, ಸಿಬಿರು ಅಂಟಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಡಿಫರೆನ್ಷಿಯಲ್ ಪ್ಲಗ್ ಕಾರ್ಖಾನೆಯಿಂದ ಬಂದ ಮೇಲೆ ಪಾನಾ ಕಂಡೇ ಇಲ್ಲ ಎನ್ನುವಂಥ ಗಾಡಿಗಳು ಎಷ್ಟೋ ಇವೆ.

ನೀರು ಹೇಗೆ ಸೇರುತ್ತದೆ ಗೊತ್ತೆ? ಘಾಟಿ ಇಳಿದು ಬಿಸಿಯಾದ ಡಿಫರೆನ್ಷಿಯಲ್ ಹೌಸಿಂಗ್ (ಹೊರಕವಚ) ನೇರ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಆಕ್ಸಲ್ ಮೇಲಿನ ಬ್ರೀದರ್ (ಗಾಳಿ ಆಡುವ ಕಿಂಡಿ) ತೆರೆದಿದ್ದರೆ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಕೆಸರು ಕಟ್ಟಿ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆಯುತ್ತದೆ. ಆದ್ದರಿಂದ ಬ್ರೀದರ್ ಕ್ಯಾಪ್ ತಿರುಗುತ್ತದೆಯೇ, ಪೈಪ್ ಎತ್ತರಕ್ಕೆ ಒಯ್ದಿದ್ದಾರೆಯೇ ನೋಡಿ. ಪೈಪನ್ನು ಟೇಲ್ ಲ್ಯಾಂಪಿನ ಎತ್ತರಕ್ಕೆ ಏರಿಸಿದ್ದ ಮಾಲೀಕ ತಿಳಿದವನು ಎಂದು ನಂಬಬಹುದು.

ಇನ್ನು ಶಾಫ್ಟ್‌ಗಳು. ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟನ್ನು ಕೈಯಿಂದ ಎಡಕ್ಕೆ ಬಲಕ್ಕೆ ತಿರುಗಿಸಿ. ಡಿಫರೆನ್ಷಿಯಲ್ ಒಳಗೆ ಸ್ವಲ್ಪ ಆಟ ಇದ್ದೇ ಇರುತ್ತದೆ. ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟಿನಲ್ಲಿ ಮಾತ್ರ ಕಣ್ಣಿಗೆ ಕಾಣುವ ಆಟ ಒಂದಿಷ್ಟೂ ಇರಬಾರದು. ಆ ಜಾಯಿಂಟಿನ ಬೇರಿಂಗ್ ಕಪ್ ಅಂಚಿನಲ್ಲಿ ತುಕ್ಕಿನ ಕೆಂಪು ಹುಡಿ ಕಂಡರೆ ಒಳಗಿನ ಸೂಜಿ ರೋಲರ್ ಒಣಗಿ ಪುಡಿಯಾಗುತ್ತಿವೆ. ಎರಡು ತುಂಡಿನ ಶಾಫ್ಟಾದರೆ ನಡುವಿನ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯೇ ನೋಡಿ. ನಿಂತ ಗಾಡಿ ಹೊರಡುವಾಗ ನೆಲಹಾಸಿನ ಅಡಿಯಲ್ಲಿ ಗಡಗಡ ನಡುಕ ಬಂದರೆ ಹೆಚ್ಚಾಗಿ ಕಾರಣ ಅದೇ. ಮುಂದಿನ ಆಕ್ಸಲ್‌ಗಳ ನಾಲ್ಕೂ ರಬ್ಬರ್ ಬೂಟ್‌ಗಳನ್ನು ಮಡಿಕೆ ಬಿಡಿಸಿ ನೋಡಿ. ಬೂಟ್ ಹರಿದು ಗ್ರೀಸ್ ಚಕ್ರದ ಒಳಮೈಗೆ ಸಿಡಿದಿದ್ದರೆ ಜಾಯಿಂಟ್ ಒಳಗೆ ಮರಳು ಸೇರಿಯಾಗಿದೆ ಎಂದೇ ಲೆಕ್ಕ.

ಇಷ್ಟಾದ ಮೇಲೆ ಓಡಿಸಿ. ತಣ್ಣಗಿದ್ದಾಗಲೇ ಮೊದಲ ಒಂದೆರಡು ಕಿಲೋಮೀಟರಿನಲ್ಲಿ 1ರಿಂದ 2ಕ್ಕೆ ಚುರುಕಾಗಿ ಏರಿಸಿ, 3ರಿಂದ 2ಕ್ಕೆ ಇಳಿಸಿ. ಗರ್ ಎಂದರೆ ಸಿಂಕ್ರೊ ರಿಂಗ್ (ಗೇರುಗಳ ವೇಗ ಹೊಂದಿಸುವ ಬಳೆ) ಸವೆದಿದೆ. ಇಳಿಜಾರಿನಲ್ಲಿ 2ನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಪಟ್ಟನೆ ಬಿಡಿ. ಗೇರ್ ತಾನಾಗಿ ಕಳಚಿದರೆ ಆ ಗಾಡಿ ಬೇಡ. ಕ್ಲಚ್ಚಿಗೆ ಒಂದು ಏರು ಸಾಕು: 4ನೇ ಗೇರ್, 45 ಕಿ.ಮೀ. ವೇಗ, ಆಕ್ಸಿಲರೇಟರ್ ಪೂರ್ತಿ. ಆರ್‌ಪಿಎಂ ಜಿಗಿದು ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. 4ಎಲ್ (ನಾಲ್ಕು ಚಕ್ರ, ನಿಧಾನ ಆದರೆ ಹೆಚ್ಚು ಬಲ) ಹಾಕಬೇಕಾದ ಕಡೆ 4ಎಚ್‌ನಲ್ಲೇ (ನಾಲ್ಕು ಚಕ್ರ, ಮಾಮೂಲಿ ವೇಗ) ಅರ್ಧ ಕ್ಲಚ್ ಹಿಡಿದು ಗಾಡಿ ಏರಿಸುವವರ ಕ್ಲಚ್ಚು ಬೇಗ ಸುಡುತ್ತದೆ. ಪೆಡಲ್ ಬಹಳ ಮೇಲೆ ಬಂದ ಮೇಲೆ ಹಿಡಿದುಕೊಂಡರೆ ಹೊಸ ಸೆಟ್ಟಿನ ದುಡ್ಡು ಈಗಲೇ ಬೆಲೆಯಿಂದ ಕಳೆಯಿರಿ.

ಸದ್ದಿಗೆ ಕಿವಿ ಕೊಡುವಾಗ ಕಿಟಕಿ ಇಳಿಸಿ, ಹಾಡು ನಿಲ್ಲಿಸಿ. 50ರಿಂದ 70ರ ನಡುವೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕುಯ್ ಎಂದು ಎಳೆದರೆ ಡಿಫರೆನ್ಷಿಯಲ್ ಒಳಗಿನ ಕ್ರೌನ್-ಪಿನಿಯನ್ ಹಲ್ಲುಗಳ ಸವೆತ. ಬಿಟ್ಟಾಗ ಮಾತ್ರ ಎಳೆದರೆ ಪಿನಿಯನ್ ಬೇರಿಂಗ್ ಮೇಲೆ ಗುಮಾನಿ ಇಡಿ. ಒತ್ತಿದರೂ ಬಿಟ್ಟರೂ ಒಂದೇ ಸಮ ಗುಂಯ್‌ಗುಟ್ಟಿ, ಗಾಡಿ ಎಡಕ್ಕೋ ಬಲಕ್ಕೋ ವಾಲಿದಾಗ ಸದ್ದು ಏರಿಳಿದರೆ ವ್ಹೀಲ್ ಬೇರಿಂಗ್. ಮಡ್ ಟೈರ್ ಹಾಕಿದ ಗಾಡಿಯಲ್ಲಿ ಇದೆಲ್ಲ ಗೊಂದಲಕ್ಕೆ ಬೀಳುತ್ತದೆ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದಿನ ಧಾಟಿ ಬದಲಾದರೆ ಟೈರು, ಬದಲಾಗದಿದ್ದರೆ ಲೋಹ.

ಬೆಲೆಯ ಮಾತು ಮುಗಿಸುವ ಮೊದಲು ಪುಣೆಯ ನಾನಾ ಪೇಠಿನ ಬಿಡಿಭಾಗದ ಅಂಗಡಿಗಳಲ್ಲಿ ಕ್ಲಚ್ ಸೆಟ್, ಕ್ರಾಸ್, ಆಕ್ಸಲ್ ಜಾಯಿಂಟಿನ ದರ ವಿಚಾರಿಸಿ ಚೀಟಿ ಇಟ್ಟುಕೊಳ್ಳಿ. ಬೆಲೆ ಇಳಿಸಲು ಆ ಚೀಟಿಯಷ್ಟು ಕೆಲಸ ಮಾಡುವುದು ಬೇರೆ ಯಾವುದೂ ಇಲ್ಲ.

ಪ್ರಶ್ನೆ: ಮಾರುವವರು 4ಎಲ್ ಹಾಕಿ ತೋರಿಸಲು ಒಪ್ಪುತ್ತಿಲ್ಲ, "ಟಾರ್ ರೋಡ್ ಮೇಲೆ ಹಾಕಿದರೆ ಕೆಡುತ್ತದೆ" ಎನ್ನುತ್ತಾರೆ. ನಿಜವೇ, ನೆಪವೇ? – *ಡೊಂಬಿವಲಿ*

ಉತ್ತರ: ಮಾತು ನಿಜ. ಆದರೆ ಅಲ್ಲಿಗೇ ಬಿಡಬೇಡಿ. ನಮ್ಮಲ್ಲಿ ಸಿಗುವ ಹಳೆಯ ಪಿಕಪ್‌ಗಳಲ್ಲಿ ಬಹುಪಾಲು ಪಾರ್ಟ್-ಟೈಮ್ ಬಗೆಯವು, ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಕ್ರಮಿಸಬೇಕು. ಮಣ್ಣಿನಲ್ಲಿ ಚಕ್ರ ಜಾರಿ ಆ ಅಂತರ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗದೆ ಶಾಫ್ಟ್, ಚೈನ್, ಹಲ್ಲುಗಳೆಲ್ಲ ಬಿಗಿದುಕೊಳ್ಳುತ್ತವೆ. ಆದ್ದರಿಂದ ಜಲ್ಲಿ ಹಾಸಿದ ಅಂಗಳ, ಕಟ್ಟಡ ಕೆಲಸದ ಮಣ್ಣು ಮೈದಾನ, ಯಾವುದಾದರೂ ಒಂದು ಕಡೆ ಕರೆಯಿರಿ. ಬರುವುದಿಲ್ಲ ಎಂದರೆ ಆಗ ನೆಪ ಎನ್ನಿ.

ಅಲ್ಲಿ 4ಎಚ್ ಹಾಕಿ, ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನ ಸುತ್ತು ಹೊಡೆಯಿರಿ. ಸ್ಟೀರಿಂಗ್ ಬಿಗಿಯಾಗಬೇಕು, ಗಾಡಿ ತುಸು ಕುಪ್ಪಳಿಸಬೇಕು. 2ಎಚ್‌ನಷ್ಟೇ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ) ಸಲೀಸಾಗಿ ತಿರುಗಿದರೆ ದೀಪ ಏನೇ ಹೇಳಲಿ, ಮುಂದಿನ ಚಕ್ರಕ್ಕೆ ಶಕ್ತಿ ಹೋಗುತ್ತಿಲ್ಲ. ಇದೇ ಸುತ್ತಿನಲ್ಲಿ ಟಕ್ ಟಕ್ ಟಕ್ ಎಂದು ಚಕ್ರದ ಲಯಕ್ಕೇ ಸದ್ದು ಬಂದರೆ ಚಕ್ರದ ಬಳಿಯ ಆಕ್ಸಲ್ ಜಾಯಿಂಟ್ (ಸಿವಿ ಜಾಯಿಂಟ್) ಸವೆದಿದೆ. ಬಳಿಕ ನೇರ ಮಣ್ಣು ದಾರಿಯಲ್ಲಿ 4ಎಚ್‌ನಲ್ಲೇ 30–40ರ ವೇಗದಲ್ಲಿ ಸ್ವಲ್ಪ ದೂರ ಓಡಿಸಿ. ಮುಂದಿನ ಡಿಫರೆನ್ಷಿಯಲ್‌ಗೆ ಭಾರ ಬೀಳುವುದೇ ಆಗ, ಅದರ ಸದ್ದು 2ಎಚ್‌ನಲ್ಲಿ ಕೇಳುವುದಿಲ್ಲ. ಏರಿನಲ್ಲಿ ಜೋರು ಕೊಟ್ಟಾಗ ಸೀಟಿನ ಅಡಿಯಿಂದ ದಡಕ್ ಎಂದು ಜಿಗಿದಂತಾದರೆ ಟ್ರಾನ್ಸ್‌ಫರ್ ಕೇಸಿನ ಚೈನ್ ಹಿಗ್ಗಿ ಹಲ್ಲು ದಾಟುತ್ತಿದೆ.

4ಎಲ್‌ಗೆ ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ ಹಿಡಿದು ಸ್ವಿಚ್ ತಿರುಗಿಸಿ ಅಥವಾ ಲಿವರ್ ಎಳೆಯಿರಿ. 1ನೇ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಬಿಟ್ಟರೆ 4ಎಚ್‌ನಲ್ಲಿ ಗಂಟೆಗೆ 6–7 ಕಿ.ಮೀ. ಹೋಗುವ ಗಾಡಿ, 4ಎಲ್‌ನಲ್ಲಿ ಎರಡೂವರೆ-ಮೂರಕ್ಕೆ ಇಳಿಯಬೇಕು, ಏಕೆಂದರೆ ಲೋ ಅನುಪಾತ ಸಾಮಾನ್ಯವಾಗಿ 2.5ರ ಆಸುಪಾಸಿನದು. ಪಕ್ಕದಲ್ಲಿ ಒಬ್ಬರು ನಡೆದರೆ ಸಾಕು, ಅಳತೆ ತಿಳಿಯುತ್ತದೆ.

ಪ್ರಶ್ನೆ: ನಮಸ್ಕಾರ್ರಿ. ಕಡಲ ದಂಡಿ ಮನಿ ಮುಂದ ನಿಂತಿರೋ 2012ರ ಡಬಲ್ ಕ್ಯಾಬ್ ಪಿಕಪ್ ಕಡಿಮಿ ರೇಟಿಗೆ ಸಿಗಾಕತ್ತೈತಿ. 4-ವ್ಹೀಲ್ ಸ್ವಿಚ್ ತಿರುವಿದ್ರ ದೀಪ ಮಿಣಮಿಣ ಅಂತೈತಿ, ನಿಲ್ಲೂದಿಲ್ಲ. "ಬರೇ ಸೆನ್ಸರ್ ಐತಿ" ಅಂತಾರ. ತಗೋಬೇಕೋ ಬ್ಯಾಡೋ? – *ವಾಸ್ಕೊ, ಗೋವಾ*

ಉತ್ತರ: ಬರೇ ಸೆನ್ಸರ್ ಆಗಿದ್ದರೆ ಅವರೇ ಹಾಕಿಸಿ ಕೊಡಲಿ ಅನ್ನಿ. ಸ್ವಿಚ್ ತಿರುವಿದಾಗ ಕಂಟ್ರೋಲ್ ಯೂನಿಟ್ ಆಜ್ಞೆ ಕೊಡುತ್ತದೆ, ಟ್ರಾನ್ಸ್‌ಫರ್ ಕೇಸಿನ ಮೇಲಿರುವ ಪುಟ್ಟ ಮೋಟರ್ ಒಳಗಿನ ಫೋರ್ಕ್ ಸರಿಸುತ್ತದೆ, ಸರಿದ ಸ್ಥಾನವನ್ನು ಸೆನ್ಸರ್ ವಾಪಸ್ ತಿಳಿಸುತ್ತದೆ. ದೀಪ ಮಿಣುಕುವುದೆಂದರೆ "ಹೇಳಿದ ಕೆಲಸ ಆಯಿತು" ಎಂಬ ಸುದ್ದಿ ಬಂದಿಲ್ಲ ಎಂದರ್ಥ. ಯಾಕೆ ಬಂದಿಲ್ಲ ಎಂಬುದು ಬೇರೆ ವಿಚಾರ. ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ ಬ್ರೇಕ್ ಮತ್ತು ಕ್ಲಚ್ ಒತ್ತಿ ಸ್ವಿಚ್ ತಿರುಗಿಸಿ. ಒಬ್ಬರು ಹೊರಗೆ ನಿಂತು ಕಿವಿಗೊಡಲಿ. ಮೋಟರ್ ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಅರ್ಥ್ ವೈರ್, ಕನೆಕ್ಟರ್, ಕೊನೆಗೆ ಮೋಟರ್. ಸದ್ದು ಬಂದೂ ದೀಪ ಮಿಣುಕಿದರೆ ಗಾಡಿಯನ್ನು ಒಂದು ಮೀಟರ್ ಮುಂದೆ, ಒಂದು ಮೀಟರ್ ಹಿಂದೆ ಸರಿಸಿ ನೋಡಿ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿದ್ದರೆ ಅಷ್ಟಕ್ಕೇ ಕೂರುತ್ತದೆ. ಮೋಟರ್ ಹೋಗಿ ಬಂದು ಮಾಡುತ್ತಲೇ ಇದ್ದರೆ ಸೆನ್ಸರ್ ಇರಬಹುದು, ಒಳಗಿನ ಫೋರ್ಕೇ ಬಿಗಿದಿರಬಹುದು. ಬಿಚ್ಚದೆ ಹೇಳಲಾಗದು. ಹೀಗಾಗಿ ಪೂರ್ತಿ ಟ್ರಾನ್ಸ್‌ಫರ್ ಕೇಸ್ ಕೆಲಸ ಹಿಡಿದು ಬೆಲೆ ಕಟ್ಟಿ. ಮಾರುವವರು ಒಪ್ಪದಿದ್ದರೆ ಬಿಡಿ.

ವರ್ಷಗಟ್ಟಲೆ 4-ವ್ಹೀಲ್ ಹಾಕದೆ ಬಿಟ್ಟರೂ ಈ ಮೋಟರ್ ಅಂಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಒಂದಷ್ಟು ದೂರ 4ಎಚ್‌ನಲ್ಲಿ ಓಡಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ.

ನಮಗೆ ಇದಕ್ಕಿಂತ ಹೆಚ್ಚು ಭಯ ಉಪ್ಪುಗಾಳಿಯದು. ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋಗಿ: ಹಿಂದಿನ ಲೀಫ್ ಸ್ಪ್ರಿಂಗ್ ತೂಗುವ ಬ್ರಾಕೆಟ್, ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗ, ಡೀಸೆಲ್ ಟ್ಯಾಂಕಿನ ಪಟ್ಟಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಬಡಿಯುತ್ತದೆ, ಪದರ ಉದುರುತ್ತದೆ. ಚಾಸಿಗೆ ತೇಪೆ ವೆಲ್ಡಿಂಗ್ ಕಂಡರೆ ರೇಟ್ ಎಷ್ಟೇ ಕಡಿಮೆ ಇರಲಿ, ಬೇಡ. ಸಾಂಗೆ, ಡಿಚೋಲಿ ಕಡೆ ಗಣಿ ಕೆಲಸಕ್ಕೆ ಓಡಿದ ಗಾಡಿಯಾದರೆ ಕೆಂಪು ಧೂಳು ಬ್ರೀದರ್, ಸೀಲ್‌ಗಳಲ್ಲಿ ಕೂತಿರುತ್ತದೆ. ಅದನ್ನೂ ನೋಡಿಸಿ. ಅಂದಹಾಗೆ, ಪರೀಕ್ಷೆಗೆಂದು ಬೀಚಿಗೆ ಇಳಿಸಬೇಡಿ. ಗೋವಾದಲ್ಲಿ ಕಡಲ ಮರಳಿನ ಮೇಲೆ ವಾಹನ ಓಡಿಸುವುದಕ್ಕೆ ನಿಷೇಧವಿದೆ.

ಪ್ರಶ್ನೆ: 3 ಇಂಚು ಲಿಫ್ಟ್ ಮಾಡಿ, 245/70 ಆರ್16 ಬದಲು 265/75 ಆರ್16 ಮಡ್ ಟೈರ್ ಹಾಕಿದ ಪಿಕಪ್ ಸಿಕ್ಕಿದೆ. ಓಡೋಮೀಟರ್ 80,000 ತೋರಿಸುತ್ತದೆ. ಎಲ್ಲ ಖರ್ಚು ಅವರೇ ಮಾಡಿದ್ದಾರಲ್ಲ, ಲಾಭವಲ್ಲವೇ? – *ಖಾರ್‌ಘರ್, ನವಿ ಮುಂಬಯಿ*

ಉತ್ತರ: ಅವರು ಮಾಡಿದ ಖರ್ಚು ಕಾಣುತ್ತಿದೆ, ಉಳಿಸಿದ ಖರ್ಚು ಕಾಣುತ್ತಿಲ್ಲ. 245/70 ಆರ್16 ಟೈರಿನ ವ್ಯಾಸ ಸುಮಾರು 749 ಮಿ.ಮೀ., 265/75 ಆರ್16ರದ್ದು 804. ಅಂದರೆ ಶೇ. 7ಕ್ಕೂ ಹೆಚ್ಚು ದೊಡ್ಡದು. ದೊಡ್ಡ ಟೈರ್ ಮೊದಲಿನಿಂದಲೂ ಇದ್ದಿದ್ದರೆ, ಮೀಟರ್ ಮರುಹೊಂದಿಸಿಲ್ಲದಿದ್ದರೆ, ಮೀಟರಿನ 80,000 ನಿಜದಲ್ಲಿ 85,800ರ ಹತ್ತಿರ. ಎಲ್ಲ ಗೇರ್‌ಗಳಲ್ಲೂ ಎಳೆಯುವ ಬಲ ಅಷ್ಟರಮಟ್ಟಿಗೆ ತಗ್ಗಿ ಏರಿನಲ್ಲಿ ಕ್ಲಚ್ ಹೆಚ್ಚು ಜಾರುತ್ತದೆ. ಟೈರಿನ ಹೆಚ್ಚುವರಿ ತೂಕವನ್ನು ಆಕ್ಸಲ್, ವ್ಹೀಲ್ ಬೇರಿಂಗ್, ಬ್ರೇಕ್ ಹೊರಬೇಕು. ಸ್ವತಂತ್ರ ಮುಂದಿನ ಸಸ್ಪೆನ್ಷನ್ ಇದ್ದರೆ ಲಿಫ್ಟ್ ಆದಷ್ಟೂ ಆಕ್ಸಲ್ ಜಾಯಿಂಟಿನ ಕೋನ ಕಡಿದಾಗುತ್ತದೆ, ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. 2 ಇಂಚಿನ ಆಚೆ ಹೋಗಿದ್ದರೆ ಮುಂದಿನ ಡಿಫರೆನ್ಷಿಯಲನ್ನು ಕೆಳಗಿಳಿಸುವ ಬ್ರಾಕೆಟ್ ಹಾಕಿದ್ದಾರೆಯೇ ಕೇಳಿ. ಬರೀ ಸ್ಪೇಸರ್ ತುರುಕಿ ಎತ್ತರಿಸಿದ ಗಾಡಿಯನ್ನು ನಾವಾದರೆ ಕೊಳ್ಳುವುದಿಲ್ಲ.

ನಾಲ್ಕೂ ಟೈರ್ ಒಂದೇ ಕಂಪನಿ, ಒಂದೇ ಸವೆತ ಇವೆಯೇ ನೋಡಿ. ಹಿಂದೆ ಹೊಸದು, ಮುಂದೆ 5 ಮಿ.ಮೀ. ಸವೆದದ್ದು ಇದ್ದರೂ ಸುತ್ತಳತೆಯಲ್ಲಿ ಶೇ. 1.3ರಷ್ಟು ವ್ಯತ್ಯಾಸ ಬರುತ್ತದೆ. 4ಎಚ್‌ನಲ್ಲಿ ನೇರ ಹೋದರೂ ಪ್ರತಿ ಕಿಲೋಮೀಟರಿಗೆ 13 ಮೀಟರ್‌ನಷ್ಟು ಯಾವುದೋ ಚಕ್ರ ಜಾರಲೇಬೇಕು. ಹಳೆಯ ಟೈರ್, ಸ್ಪ್ರಿಂಗ್‌ಗಳನ್ನು ಕೂಡ ಕೊಡುವಂತೆ ಕೇಳಿ. ಕಾರ್ಖಾನೆಯ ವಿನ್ಯಾಸ ಮೀರಿದ ಬದಲಾವಣೆಗೆ ಆರ್‌ಟಿಒ ತಕರಾರು ಬಂದರೆ ವಾಪಸ್ ಹಾಕಲು ಬೇಕಾಗುತ್ತದೆ.

ಪ್ರಶ್ನೆ: ಸಾಂಗ್ಲಿ ಕಡೆಯ ಪಿಕಪ್, ಮಾರುಕಟ್ಟೆಗಿಂತ ಬಹಳ ಅಗ್ಗ. ನೆರೆಯಲ್ಲಿ ಮುಳುಗಿದ್ದೇ ಎಂಬ ಅನುಮಾನ. ಹೇಗೆ ಕಂಡುಹಿಡಿಯುವುದು? – *ಹಡಪ್ಸರ್, ಪುಣೆ*

ಉತ್ತರ: ಅನುಮಾನ ಸರಿಯಾದದ್ದೇ. 2019ರ ಆಗಸ್ಟ್‌ನಲ್ಲಿ ಸಾಂಗ್ಲಿ-ಕೊಲ್ಹಾಪುರ, 2021ರ ಜುಲೈನಲ್ಲಿ ಚಿಪಳೂಣ್ ಮುಳುಗಿದ್ದವು. ಆ ಆಸುಪಾಸಿನ ತಿಂಗಳುಗಳಲ್ಲಿ ಆರ್‌ಸಿ ಕೈ ಬದಲಾಗಿದೆಯೇ, ವಿಮೆಯ ದೊಡ್ಡ ಕ್ಲೇಮ್ ಆಗಿದೆಯೇ ಮೊದಲು ನೋಡಿ. ಸೀಟು ಸರಿಯುವ ಹಳಿಯ ಅಡಿ ತುಕ್ಕು, ಸೀಟ್ ಬೆಲ್ಟ್ ಪೂರ್ತಿ ಎಳೆದಾಗ ಕಾಣುವ ಕೆಸರಿನ ಗೆರೆ, ಡ್ಯಾಶ್‌ಬೋರ್ಡ್ ಹಿಂದಿನ ಕನೆಕ್ಟರ್‌ಗಳ ಹಸಿರು ಕಿಲುಬು, ಇವು ಸುಳ್ಳು ಹೇಳುವುದಿಲ್ಲ. ಡಿಫರೆನ್ಷಿಯಲ್ ಎಣ್ಣೆ ಮಾತ್ರ ಈಗ ಹೊಸದೇ ಇರುತ್ತದೆ, ಅದನ್ನು ನಂಬಬೇಡಿ. ನೀರು ನಿಂತ ದಿನಗಳಲ್ಲಿ ಬೇರಿಂಗ್ ರೋಲರ್‌ಗಳ ಮೇಲೆ ತುಕ್ಕಿನ ಗುಳಿ ಬಿದ್ದಿರುತ್ತದೆ. ಎಣ್ಣೆ ಬದಲಿಸಿದರೆ ಗುಳಿ ತುಂಬುವುದಿಲ್ಲ, ಕೆಲವು ಸಾವಿರ ಕಿಲೋಮೀಟರಿನಲ್ಲಿ ಸದ್ದು ಶುರುವಾಗುತ್ತದೆ.

ಪ್ರಶ್ನೆ: ಫೋರ್-ಬೈ-ಫೋರ್ ಪಿಕಪ್ ಕೊಂಡಾಯಿತು. ಎಣ್ಣೆಗಳನ್ನೆಲ್ಲ ಬದಲಿಸಬೇಕೆಂದಿದ್ದೇನೆ. ಯಾವುದು, ಎಷ್ಟು? – *ಫೋಂಡಾ, ಗೋವಾ*

ಉತ್ತರ: ಗಾಡಿಯ ಪುಸ್ತಕದಲ್ಲಿರುವುದೇ ಕೊನೆಯ ಮಾತು. ಮಾದರಿಗೆ ತಕ್ಕಂತೆ ಹಿಂದಿನ ಡಿಫರೆನ್ಷಿಯಲ್‌ಗೆ 2ರಿಂದ 3 ಲೀಟರ್, ಮುಂದಿನದಕ್ಕೆ ಮತ್ತು ಟ್ರಾನ್ಸ್‌ಫರ್ ಕೇಸಿಗೆ 1ರಿಂದ 2 ಲೀಟರ್ ಹಿಡಿಯುವುದು ರೂಢಿ. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90. ಅದೇ ಡಬ್ಬದಿಂದ ಗೇರ್‌ಬಾಕ್ಸ್‌ಗೂ ಸುರಿಯುವ ಗ್ಯಾರೇಜ್‌ಗಳಿವೆ, ತಡೆಯಿರಿ. ಜಿಎಲ್-4 ಕೇಳುವ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು ಕೆಲವು ಜಿಎಲ್-5 ಎಣ್ಣೆಗಳ ಗಂಧಕದ ಅಂಶ ತಿನ್ನುತ್ತದೆ. ಚೈನ್ ಇರುವ ಟ್ರಾನ್ಸ್‌ಫರ್ ಕೇಸುಗಳಲ್ಲಿ ಹಲವು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ) ಬೇಡುತ್ತವೆ, ದಪ್ಪ ಗೇರ್ ಎಣ್ಣೆ ಹಾಕಿದರೆ ಚೈನಿಗೂ ಪಂಪಿಗೂ ಕಷ್ಟ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಬಗೆ) ಇದ್ದರೆ ಅದಕ್ಕೆಂದೇ ಬರುವ ಎಣ್ಣೆ ಹಾಕಿ, ಇಲ್ಲದಿದ್ದರೆ ತಿರುವಿನಲ್ಲಿ ಹಿಂದಿನಿಂದ ಗೊರಗೊರ ಸದ್ದು ಬರುತ್ತದೆ. ಕ್ರಾಸ್ ಮತ್ತು ಸ್ಲಿಪ್ ಜಾಯಿಂಟಿನ ನಿಪ್ಪಲ್‌ಗಳಿಗೆ ಹೊಸ ಗ್ರೀಸ್ ಹೊರಗೆ ಇಣುಕುವವರೆಗೆ ಇಪಿ-2 ಲಿಥಿಯಂ ಗ್ರೀಸ್ ಹೊಡೆಸಿ. 1,000 ಕಿ.ಮೀ. ಆದ ಮೇಲೆ ಅಯಸ್ಕಾಂತದ ಪ್ಲಗ್ ಮತ್ತೊಮ್ಮೆ ಬಿಚ್ಚಿ ನೋಡಿ.

ಪ್ರಶ್ನೆ: ಟೂ-ವ್ಹೀಲ್ ಡ್ರೈವ್ ಪಿಕಪ್ ಕೊಂಡು ಕುರ್ಲಾದಲ್ಲಿ ಸಿಗುವ ಹಳೆಯ ಸಾಮಾನಿನಿಂದ ಫೋರ್-ಬೈ-ಫೋರ್ ಮಾಡಿಸಬಹುದೇ? – *ಭಾಂಡುಪ್, ಮುಂಬಯಿ*

ಉತ್ತರ: ಬೇಡ. ಮುಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್, ಕ್ರಾಸ್‌ಮೆಂಬರ್, ವೈರಿಂಗ್ ಎಲ್ಲ ಹೊಂದಿಸುವ ಹೊತ್ತಿಗೆ ಒಳ್ಳೆಯ ಫೋರ್-ಬೈ-ಫೋರ್‌ಗೆ ಬೇಕಾದ ಹೆಚ್ಚುವರಿ ದುಡ್ಡು ಮುಗಿದಿರುತ್ತದೆ. ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ ಅನುಪಾತ ಕೂಡದಿದ್ದರೆ 4ಎಚ್ ಹಾಕಿದ ಮೊದಲ ದಿನವೇ ಏನಾದರೂ ಮುರಿಯುತ್ತದೆ. ಕಾರ್ಖಾನೆಯ ವಿನ್ಯಾಸ ಮೀರಿದ ಬದಲಾವಣೆಯನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಅಡ್ಡ ಬರುತ್ತದೆ.

ಪ್ರಶ್ನೆ: ಪುಣೆಯಲ್ಲಿ ಕೊಂಡ ಪಿಕಪ್ಪನ್ನು ಬೆಳಗಾವಿಯ ಊರಿಗೆ ಒಯ್ದು ಅಲ್ಲೇ ಇಡಬೇಕು. ಕಾಗದಪತ್ರ? – *ಪಿಂಪ್ರಿ*

ಉತ್ತರ: 12 ತಿಂಗಳಿಗಿಂತ ಹೆಚ್ಚು ಇಡುವುದಾದರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು. ಇಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಮಾಲೀಕತ್ವಕ್ಕೆ ಫಾರಂ 29 ಮತ್ತು 30, ಸಾಲ ಇದ್ದರೆ ಬ್ಯಾಂಕಿನ ಸಹಿಯ ಫಾರಂ 35. ಆರ್‌ಸಿಯಲ್ಲಿ ಖಾಸಗಿ ಎಂದಿದೆಯೋ ಸರಕು ವಾಹನ ಎಂದಿದೆಯೋ ಮೊದಲೇ ಓದಿ. ಸರಕು ವಾಹನವಾದರೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಯೊಂದಿಗೆ ಹೋಲಿಸಿದ ಮೇಲೆಯೇ ಮುಂಗಡ ಕೊಡಿ.